ಅರಳಕ್ಕನಿಗೆ ಹೆಸರು ಸಿಗದ ವರ್ಷ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಊರ ಬಾಯಲ್ಲಿ ಅವಳು ಅರಳಕ್ಕ. ರೇಡಿಯೋದಲ್ಲಿ ಫುಟ್‌ಬಾಲ್ ಕಾಮೆಂಟರಿ ಹೇಳುವಾಗ ಅವಳ ಮಾತು ಬಿಸಿ ಬಾಣಲೆಯಲ್ಲಿ ಅರಳು ಸಿಡಿದ ಹಾಗೆ ಪಟಪಟನೆ ಬರುತ್ತಿತ್ತು. ಯಾರೋ ಟ್ಯಾಕ್ಸಿ ಓಡಿಸುವವನು ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡುಬಿಟ್ಟಿತು. ಅವಳ ದನಿ ಏರಿತೆಂದರೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ನಿಲ್ಲುತ್ತಿತ್ತು, ಬೇಕರಿಯವನು ಒಲೆಯ ಬಾಗಿಲು ಮುಚ್ಚುವುದನ್ನು ಮರೆಯುತ್ತಿದ್ದ, ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದ.

ಅವಳು ಈ ಕೆಲಸಕ್ಕೆ ಬಂದದ್ದೇ ಒಂದು ಆಕಸ್ಮಿಕ. ರೇಡಿಯೋ ಕೇಂದ್ರದಲ್ಲಿ ಟೈಪಿಸ್ಟ್ ಆಗಿದ್ದಳು. ಹಿಂದಿನ ದಿನ ನೋಡಿ ಬಂದ ಆಟವನ್ನು ಕ್ಯಾಂಟೀನಿನಲ್ಲಿ ಚಮಚ ಲೋಟ ಇಟ್ಟುಕೊಂಡು ಗೆಳತಿಯರಿಗೆ ಆಡಿ ತೋರಿಸುತ್ತಿದ್ದಾಗ, ಆಗಿನ ಮುಖ್ಯಸ್ಥರು ಹಿಂದಿನ ಮೇಜಿನಲ್ಲಿ ಕೂತು ಕೇಳಿಸಿಕೊಂಡರು. ಮುಂದಿನ ವಾರ ಕಾಮೆಂಟರಿ ಹೇಳುವವರ ಗಂಟಲು ಕಟ್ಟಿತು. ಮುಖ್ಯಸ್ಥರು ಅವಳನ್ನೇ ಕಳಿಸಿದರು. ಹೆಂಗಸು ಫುಟ್‌ಬಾಲ್ ಹೇಳುವುದೇ ಎಂದು ನಕ್ಕವರು ಬೇಕಾದಷ್ಟು ಜನ. ಮೊದಲ ಗೋಲು ಬೀಳುವ ಹೊತ್ತಿಗೆ ನಕ್ಕವರೇ ರೇಡಿಯೋದ ಕಿವಿ ಹಿಂಡಿ ಸದ್ದು ಜೋರು ಮಾಡಿಕೊಂಡಿದ್ದರು.

ಅವಳ ದೊಡ್ಡ ಬಂಡವಾಳ ಹೆಸರು. ಎರಡೂ ತಂಡದವರ ಹೆಸರು, ಹೊರಗೆ ಕೂತು ಕಾಯುವವರ ಹೆಸರು, ರೆಫ್ರಿಯ ಹೆಸರು, ಎಲ್ಲವೂ ನಾಲಗೆಯ ಮೇಲೆ. ಆಟಕ್ಕೆ ಮುಂಚೆ ಹುಡುಗರು ಮೈ ಬಿಸಿ ಮಾಡಿಕೊಳ್ಳುವಾಗ ಕಾಮೆಂಟರಿ ಬಾಕ್ಸಿನ ಕಿಟಕಿಯಲ್ಲಿ ನಿಂತು ಒಬ್ಬೊಬ್ಬರ ನಡಿಗೆ, ಹೆಗಲು, ಓಟ ನೋಡಿಕೊಳ್ಳುತ್ತಿದ್ದಳು. ಆಮೇಲೆ ಕಾಗದ ಬೇಕಿರಲಿಲ್ಲ. ಹೆಸರು ಕಣ್ಣಿನಿಂದ ನೇರ ಬಾಯಿಗೆ ಬರುತ್ತಿತ್ತು, ನಡುವೆ ಎಲ್ಲೂ ತಂಗುತ್ತಿರಲಿಲ್ಲ.

ಅವಳ ಪಕ್ಕದ ಕುರ್ಚಿಯಲ್ಲಿ ಗೋಲಿಯವರು ಕೂರುತ್ತಿದ್ದರು. ಹಿಂದೆ ಊರಿನ ದೊಡ್ಡ ತಂಡದ ಗೋಲ್‌ಕೀಪರ್ ಆಗಿದ್ದವರಾದ್ದರಿಂದ ಆ ಹೆಸರು. ಆನೆಯಂಥ ಆಳಿಗೆ ಗೋಲಿ ಅಂತ ಕರೆಯುವುದರಲ್ಲಿ ಊರಿಗೊಂದು ಸುಖವೂ ಇತ್ತು. ಅವಳು ಓಡಿಸುತ್ತಿದ್ದಳು, ಇವರು ನಡುನಡುವೆ ನಿಧಾನಕ್ಕೆ, ಕಲ್ಲು ಹೊತ್ತು ತಂದು ಇಟ್ಟ ಹಾಗೆ, ಒಂದೊಂದು ಮಾತು ಇಡುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಐವತ್ತು ದಾಟಿದ ವರ್ಷ, ಸೀಸನ್ನಿನ ಆರಂಭದಲ್ಲೇ, ಚೆಂಡು ಎಡಗಡೆಯ ಹುಡುಗನ ಕಾಲಿಗೆ ಬಂತು. ಚಿಕ್ಕ ತಂಡದಲ್ಲಿ ಆಡುತ್ತಿದ್ದ ದಿನಗಳಿಂದ ಅವಳಿಗೆ ಗೊತ್ತಿದ್ದವನು. "ಚೆಂಡು ಈಗ" ಅಂದಳು. ಬಾಯಿ ತೆರೆದೇ ಇತ್ತು, ಹೆಸರು ಬರಲಿಲ್ಲ. ಕತ್ತಲಲ್ಲೂ ಕೈಹಾಕಿ ತೆಗೆಯಬಲ್ಲ ಅಡುಗೆಮನೆಯ ಶೆಲ್ಫಿಗೆ ಕೈಹಾಕಿದರೆ ಡಬ್ಬವೇ ಇಲ್ಲದ ಹಾಗೆ. "ಅವನು, ಈಗ ಅವನು, ಅವನಿಂದ ಇವನಿಗೆ" ಎಂದು ಹೇಗೋ ದಾಟಿಸಿದಳು. ಅದೇ ಹೊತ್ತಿಗೆ ಎದೆಯಿಂದ ಒಂದು ಬಿಸಿ ಹಬೆ ಎದ್ದು ಕುತ್ತಿಗೆ, ಕೆನ್ನೆ, ಕಿವಿಯವರೆಗೂ ಹತ್ತಿತು. ಹೆಡ್‌ಫೋನಿನ ಒಳಗೆ ಬೆವರು ಇಳಿಯಿತು. ಗೋಲಿಯವರು ತಿರುಗಿ ನೋಡಿದರು.

ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು. ಅದು ಅಭ್ಯಾಸ ಮಾಡಿಕೊಂಡಿತು. ಪಂದ್ಯಕ್ಕೆ ಒಂದೆರಡು ಹೆಸರು ಕೈಕೊಡುತ್ತಿದ್ದವು, ಆಮೇಲೆ ನಾಲ್ಕೈದು. ಹೆಸರಷ್ಟೇ ಅಲ್ಲ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಿಡಿದು ಬಟ್ಟೆ ಒಗೆಯುವ ಯಂತ್ರದ ಮುಂದೆ ನಿಂತು, ಬಂದದ್ದೇಕೆಂದು ಯೋಚಿಸುತ್ತಿದ್ದಳು. ಕಾಲೇಜಿಗೆ ಹೋಗುವ ಮಗಳನ್ನು ಒಂದು ಬೆಳಿಗ್ಗೆ ಪಕ್ಕದ ಮನೆ ನಾಯಿಯ ಹೆಸರಿನಿಂದ ಕರೆದಳು.

"ಅಮ್ಮಾ, ನಾನು ಬಾಲ ಅಲ್ಲಾಡಿಸ್ಕೊಂಡು ಬರಬೇಕಾ?" ಎಂದು ಮಗಳು ನಕ್ಕಳು. ಇವಳೂ ನಕ್ಕಳು. ನಕ್ಕು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಗೋಡೆಗೆ ಒರಗಿ ನಿಂತಳು.

ಅವಳ ಹೆದರಿಕೆಗೆ ಒಂದು ಮುಖವಿತ್ತು, ದೊಡ್ಡಮ್ಮನ ಮುಖ. ಅಮ್ಮನ ಅಕ್ಕ, ಮನೆತನದಲ್ಲೇ ಅತಿ ಚುರುಕಿನ ಹೆಂಗಸು, ಕೊನೆಕೊನೆಗೆ ತನ್ನ ಮಕ್ಕಳನ್ನೇ "ನೀವು ಯಾರ ಮನೆಯವರು?" ಎಂದು ವಿಚಾರಿಸುತ್ತಿದ್ದಳು. ಆ ರೋಗ ತನಗೂ ಹತ್ತಿತೇ? ಬಸ್ಸಿನಲ್ಲಿ ಕೂತಾಗ ಅವಳು ಹಳೆಯ ತಂಡಗಳ ಹನ್ನೊಂದು ಹನ್ನೊಂದು ಹೆಸರುಗಳನ್ನು ತುಟಿಯೊಳಗೇ ಒಪ್ಪಿಸಿಕೊಳ್ಳುತ್ತಿದ್ದಳು. ಪಕ್ಕದವರು ಏನೋ ಮಂತ್ರ ಹೇಳುತ್ತಾಳೆ ಅಂದುಕೊಂಡು ಸ್ವಲ್ಪ ಸರಿದು ಕೂರುತ್ತಿದ್ದರು. ರಾತ್ರಿಗಳಂತೂ ಹರಿದ ಹಾಸಿಗೆಯಂತಾಗಿದ್ದವು. ಮೈ ಉರಿ ಎದ್ದು ನಿದ್ದೆಯನ್ನು ತುಂಡು ತುಂಡು ಮಾಡುತ್ತಿತ್ತು, ಬೆಳಿಗ್ಗೆ ತಲೆಯೊಳಗೆ ಹತ್ತಿ ತುರುಕಿದ ಹಾಗಿರುತ್ತಿತ್ತು. ಆದರೂ ಯಾರ ಮುಂದೆಯೂ ತುಟಿ ಪಿಟಕ್ಕೆನ್ನಲಿಲ್ಲ.

ಹೀಗಿರುವಾಗ ಒಂದು ದೊಡ್ಡ ಪಂದ್ಯದಲ್ಲಿ ಗೋಲು ಹೊಡೆದವನ ಬದಲು ಬೆಂಚಿನಲ್ಲಿ ಕೂತವನ ಹೆಸರು ಕೂಗಿಬಿಟ್ಟಳು. ಬೆಂಚಿನವನ ಮನೆಯಲ್ಲಿ ಅವನ ಅಜ್ಜಿ ಬೀದಿಗೆಲ್ಲ ಸಿಹಿ ಹಂಚಿದರಂತೆ. ಮರುದಿನ ಪತ್ರಿಕೆಯ ಕ್ರೀಡಾ ಪುಟದ ಮೂಲೆಯಲ್ಲಿ ಒಂದು ಸಾಲು ಬಂತು: "ಅರಳಕ್ಕನಿಗೆ ಅರಳುಮರಳೇ?"

ಅವಳ ಗಂಡ ಕನ್ನಡಕದ ಅಂಗಡಿಯವನು. ಮೆದು ಮಾತಿನ ಮನುಷ್ಯ, ಎಂಥ ಮುಖಕ್ಕೂ ಒಪ್ಪುವ ಚೌಕಟ್ಟು ಹುಡುಕುವವನು. ಪತ್ರಿಕೆ ಓದಿದವನೇ ಅದನ್ನು ಮಡಿಸಿ ಸೋಫಾದ ದಿಂಬಿನಡಿಗೆ ತಳ್ಳಿದ. ಅವನ ದುರದೃಷ್ಟ, ಆ ದಿಂಬಿಗೆ ಬೆನ್ನು ಕೊಟ್ಟು ಕೂತದ್ದು ಅವನ ಅಮ್ಮ. ಎಂಬತ್ತರ ಹತ್ತಿರದ ಹೆಂಗಸು, ಕಿವಿ ಮಂದ, ನಾಲಗೆ ಚೂಪು. ಬೆನ್ನಿಗೆ ಚುಚ್ಚಿದ್ದನ್ನು ಎಳೆದು ತೆಗೆದು, ಮೂಗಿನ ತುದಿಗೆ ಕನ್ನಡಕ ಇಳಿಸಿ ಓದಿದಳು.

"ಏನೇ ಇದು?" ಎಂದು ಸೊಸೆಯನ್ನು ಕರೆದಳು. "ಬಾ ಇಲ್ಲಿ, ಕೂತ್ಕೋ. ಏನಾಗ್ತಿದೆ ನಿನಗೆ?"

"ಏನಿಲ್ಲ ಅತ್ತೆ, ಸುಸ್ತು."

"ಸುಸ್ತಿಗೆ ಯಾರಾದ್ರೂ ಚಳಿಯಲ್ಲಿ ಕಿಟಕಿ ತೆಗೆದು ನಿಂತ್ಕೋತಾರಾ? ನಾನು ನೋಡಿಲ್ಲ ಅಂದ್ಕೊಂಡಿದ್ದೀಯಾ? ಮುಟ್ಟು ನಿಂತಿದೆಯಾ?"

ಗಂಡ ಎದ್ದು ಹೊರಡಲು ನೋಡಿದ. "ಕೂತ್ಕೊಳ್ಳೋ" ಎಂದು ತಾಯಿ ಗದರಿದಳು. "ನೀನು ಆಕಾಶದಿಂದ ಉದುರಿದವನಾ?"

"ನಿಂತಿಲ್ಲ ಅತ್ತೆ. ಮೂರು ತಿಂಗಳು ಬರಲ್ಲ, ಆಮೇಲೆ ಬರುತ್ತೆ. ಅದಲ್ಲ ವಿಷಯ. ನನಗೆ ತಲೇನೇ..." ಅವಳು ಅತ್ತೆಯ ಕೈಯಲ್ಲಿದ್ದ ಪತ್ರಿಕೆಯತ್ತ ನೋಡಿದಳು. "ದೊಡ್ಡಮ್ಮನಿಗೆ ಆದ ಹಾಗೆ ಆಗ್ತಿದೆ."

ಮುದುಕಿ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಮೆತ್ತಗೆ ಹೇಳಿದಳು: "ನನಗೆ ಆ ವಯಸ್ಸಲ್ಲಿ ಏನಾಗಿತ್ತು ಗೊತ್ತಾ? ಒಲೆ ಮೇಲೆ ಹಾಲಿಟ್ಟು, ಆ ಹಾಲನ್ನೇ ತರೋದಕ್ಕೆ ಅಂಗಡಿಗೆ ಹೋಗ್ತಿದ್ದೆ. ಇವನನ್ನ ಇವನ ಚಿಕ್ಕಪ್ಪನ ಹೆಸರಲ್ಲಿ ಕರೀತಿದ್ದೆ. ನಿಮ್ಮ ಮಾವ ತಲೆ ಕೆಟ್ಟಿದೆ ಅಂತಲೇ ತೀರ್ಮಾನ ಮಾಡಿದ್ರು. ನಾನೂ ಹೌದು ಅಂದ್ಕೊಂಡೆ. ಕೇಳೋಕೆ ಯಾರಿದ್ರು? ಒಂದೆರಡು ವರ್ಷ ಒಬ್ಬಳೇ ಹೆದರ್ಕೊಂಡೆ. ಆಮೇಲೆ ತಾನಾಗೇ ತಿಳಿಯಾಯ್ತು. ಈಗ ನೋಡು, ನಿಮ್ಮ ಮಾವ ಮದುವೆ ದಿನ ಹಾಕಿದ್ದ ಅಂಗಿಯ ಗುಂಡಿ ಯಾವ ಬಣ್ಣ ಅಂತ ಕೇಳು, ಹೇಳ್ತೀನಿ." ಪತ್ರಿಕೆಯನ್ನು ಮಡಿಸಿ ಮಗನ ಕೈಗೆ ಕೊಟ್ಟಳು. "ನನ್ನ ಹಾಗೆ ಒಬ್ಬಳೇ ಹೆದರ್ಕೋಬೇಡ ಕಣೇ. ಡಾಕ್ಟರ ಹತ್ರ ಹೋಗು. ಈಗ ಕೇಳಿದ್ರೆ ಹೇಳೋರಿದ್ದಾರೆ."

ಡಾಕ್ಟರಮ್ಮ ಫುಟ್‌ಬಾಲಿನ ಗಂಧಗಾಳಿ ಇಲ್ಲದವರು. ಅದೇ ಒಳ್ಳೆಯದಾಯಿತು, ಅರಳಕ್ಕ ಎಂದು ಕಣ್ಣರಳಿಸದೆ ಪೂರ್ತಿ ಕೇಳಿಸಿಕೊಂಡರು. ರಕ್ತ ಪರೀಕ್ಷೆ ಬರೆದರು, ಥೈರಾಯಿಡ್ ನೋಡಿಸಿದರು, ಪದಗಳನ್ನು ಓದಿ ಹೇಳಿ ಮತ್ತೆ ಒಪ್ಪಿಸಲು ಹೇಳಿದರು, ಚಿತ್ರ ಬರೆಸಿದರು. ಎಲ್ಲ ಮುಗಿದು ಎರಡನೇ ಸಲ ಹೋದಾಗ ಕೇಳಿದರು:

"ಕಳೆದುಹೋದ ಹೆಸರು ಆಮೇಲೆ ವಾಪಸ್ ಬರುತ್ತಾ?"

"ಬರುತ್ತೆ ಡಾಕ್ಟರೇ. ಪಾತ್ರೆ ತೊಳೆಯುವಾಗ ಬರುತ್ತೆ. ಯಾರಿಗೆ ಬೇಕು ಆಗ? ನಲ್ಲಿ ಮುಂದೆ ನಿಂತು ಸೆಂಟರ್ ಫಾರ್ವರ್ಡ್ ಹೆಸರು ಕೂಗ್ತೀನಿ."

ಡಾಕ್ಟರಮ್ಮ ನಕ್ಕರು. "ನಿಮ್ಮ ದೊಡ್ಡಮ್ಮನಿಗೆ ತಾನು ಮರೀತಿದ್ದೀನಿ ಅಂತ ಹೀಗೆ ಗೊತ್ತಾಗ್ತಿತ್ತಾ? ನಗ್ತಾ ಹೇಳ್ಕೊಳ್ತಿದ್ರಾ?"

"ಇಲ್ಲ. ಮರೆತದ್ದೇ ಗೊತ್ತಿರಲಿಲ್ಲ. ಕೇಳಿದ್ರೆ ಜಗಳಕ್ಕೆ ಬರ್ತಿದ್ರು."

"ಅದೊಂದರಿಂದಲೇ ತೀರ್ಮಾನ ಮಾಡಲ್ಲ ನಾನು. ಆದ್ರೆ ನಿಮ್ಮ ಪರೀಕ್ಷೆಗಳೂ ಚೆನ್ನಾಗಿವೆ. ನಿಮ್ಮಲ್ಲಿ ಆ ರೋಗದ ಗುರುತು ನನಗೆ ಕಾಣಿಸ್ತಿಲ್ಲ." ಅವರು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು. "ಈಸ್ಟ್ರೋಜೆನ್ ಅಂತ ಒಂದು ಹಾರ್ಮೋನು. ಅದು ಬರೀ ಗರ್ಭಕೋಶಕ್ಕೆ ಸೇರಿದ್ದು ಅಂತ ಎಲ್ಲರೂ ಅಂದ್ಕೊಂಡಿರ್ತಾರೆ. ಮೆದುಳಿಗೂ ಅದು ಬೇಕು. ನೆನಪು, ಮಾತು, ನಿದ್ದೆ, ಮೈ ಶಾಖ, ಇವನ್ನೆಲ್ಲ ನೋಡ್ಕೊಳ್ಳೋ ಭಾಗಗಳು ಅದರ ಜೊತೆಗೇ ಕೆಲಸ ಮಾಡಿ ಅಭ್ಯಾಸ. ರಕ್ತದಲ್ಲಿರೋ ಸಕ್ಕರೆನ ಶಕ್ತಿಯಾಗಿ ಬಳಸೋದಕ್ಕೂ ಅದರ ಕೈ ಇರುತ್ತೆ. ಈಗ ಅದು ಒಂದು ದಿನ ಏರುತ್ತೆ, ಒಂದು ದಿನ ಪಾತಾಳಕ್ಕೆ ಇಳಿಯುತ್ತೆ. ಇಷ್ಟು ವರ್ಷ ಇದ್ದ ಜೊತೆಗಾರ ಒಂದು ದಿನ ಬಂದು, ಒಂದು ದಿನ ರಜ ಹಾಕಿದ್ರೆ ಕೆಲಸ ಹೇಗಿರುತ್ತೆ?"

"ಎಡವಟ್ಟಾಗುತ್ತೆ."

"ಅದೇ ಆಗ್ತಿರೋದು. ಅದರಲ್ಲೂ ಪದ, ಹೆಸರು, ಇಂಥವೇ ಮೊದಲು ತಡವರಿಸೋದು. ಮೇಲಿಂದ ನಿದ್ದೆಗೆಟ್ಟಿದ್ದೀರಿ. ಬಹಳ ಜನಕ್ಕೆ ಈ ಕಾಲ ದಾಟಿದ ಮೇಲೆ ಮೆದುಳು ಹೊಸ ಸ್ಥಿತಿಗೆ ಒಗ್ಗಿಕೊಳ್ಳುತ್ತೆ, ತಿಳಿಯಾಗುತ್ತೆ. ಎಲ್ಲರಿಗೂ ಒಂದೇ ಥರ, ಇಷ್ಟೇ ದಿನಕ್ಕೆ ಅಂತ ನಾನು ಬರೆದುಕೊಡೋಕಾಗಲ್ಲ."

ಮೈ ಉರಿಗೂ ನಿದ್ದೆಗೂ ಹಾರ್ಮೋನಿನ ಔಷಧಿ ಇದೆಯೆಂದರು. ಅದರ ಲಾಭವನ್ನೂ ಅಪಾಯವನ್ನೂ ಅವಳ ಮನೆತನದ ಕಾಯಿಲೆಗಳ ಜೊತೆ ತೂಗಿ ಬಿಡಿಸಿ ಹೇಳಿದರು. "ಹೆಸರು ವಾಪಸ್ ತರೋ ಔಷಧಿ ಅಂತ ಮಾತ್ರ ತಗೋಬೇಡಿ. ನಿದ್ದೆ ಬಂದ್ರೆ ತಲೆ ಸ್ವಲ್ಪ ಹಗುರಾಗುತ್ತೆ, ಅಷ್ಟು."

ಹೊರಗೆ ಬಂದಾಗ ಅವಳಿಗೆ ಬೀದಿಯ ಅಂಚಿನಲ್ಲಿ ಕೂತುಬಿಡುವಷ್ಟು ನಿರಾಳವಾಯಿತು. ಹೆಸರುಗಳು ಇನ್ನೂ ಸಿಗುತ್ತಿರಲಿಲ್ಲ. ಆದರೆ ಈಗ ಅದು ಶಾಪವಲ್ಲ, ಮೈಯೊಳಗೆ ನಡೆಯುತ್ತಿರುವ ಒಂದು ಕೆಲಸ. ಅವಳಿಗೆ ಕೆಲಸ ಅಂದರೆ ಭಯವಿರಲಿಲ್ಲ.

ಮೊದಲು ಹೇಳಿದ್ದು ಗೋಲಿಯವರಿಗೆ. ಎದೆಗೆ, ಮೂಗಿಗೆ ಚೆಂಡು ಬಡಿದರೂ ಕಣ್ಣು ಮಿಟುಕಿಸದಿದ್ದ ಮನುಷ್ಯ ಮುಟ್ಟು ಎಂಬ ಮಾತು ಕೇಳಿ ಕಿವಿಯವರೆಗೂ ಕೆಂಪಾದರು. ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ಕೊನೆಗೆ ಹೇಳಿದರು: "ಅಲ್ಲಮ್ಮಾ, ನನ್ನ ಮೊಣಕಾಲು ಹೋದಾಗ ಇಡೀ ಊರಿಗೆ ಹೇಳಿದ್ವಿ. ಇದಕ್ಕೇನು ಮುಚ್ಚುಮರೆ? ಹೇಳಿ, ನಾನೇನು ಮಾಡಲಿ?"

"ನನಗೆ ಹೆಸರು ಬರದೇ ಇದ್ದಾಗ ನೀವು ಹೇಳಿ. ಆದ್ರೆ ತಕ್ಷಣ ಅಲ್ಲ. ನಾನು ಕಣ್ಣಿಗೆ ಕಂಡದ್ದನ್ನ ಹೇಳ್ತಿರ್ತೀನಿ. ನಾನು ಉಸಿರು ತಗೊಳ್ಳುವಾಗ ಹೆಸರು ಇಡಿ."

ಅವರು ಪ್ರಯತ್ನ ಮಾಡಿ ನೋಡುವ ಮೊದಲೇ ಕೇಂದ್ರದ ಈಗಿನ ಮುಖ್ಯಸ್ಥರಿಂದ ಕರೆ ಬಂತು. ಇವಳಿಗಿಂತ ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. ಅವಳ ಕಾಮೆಂಟರಿ ಕೇಳಿಯೇ ಬೆಳೆದವರು. ಅದಕ್ಕೇ ಅವರಿಗೆ ಮಾತು ಕಷ್ಟವಾಗುತ್ತಿತ್ತು.

"ಮೇಡಂ, ಸೆಮಿಫೈನಲ್ ಬರ್ತಿದೆ. ನಿಮಗೂ ದಣಿವಾಗಿದೆ ಅನ್ಸುತ್ತೆ. ಒಂದು ಹೊಸ ಕಾರ್ಯಕ್ರಮ ಯೋಚನೆ ಮಾಡಿದ್ದೀವಿ. ಸ್ಟುಡಿಯೋದಲ್ಲೇ ಕೂತು ಹಳೆಯ ಪಂದ್ಯಗಳ ನೆನಪು ಹೇಳೋದು. ಆರಾಮಾಗಿ."

ಅರಳಕ್ಕ ಅವರನ್ನೇ ನೋಡಿದಳು. "ನೆನಪು ಕೈಕೊಡ್ತಿರೋಳಿಗೆ ನೆನಪಿನ ಕಾರ್ಯಕ್ರಮ ಕೊಡ್ತೀರಾ ಸರ್?"

ಮುಖ್ಯಸ್ಥರಿಗೆ ನಗು ತಡೆಯಲಾಗಲಿಲ್ಲ, ನಗಬಾರದೆಂದೂ ಅನ್ನಿಸಿತು. ಎರಡರ ನಡುವೆ ಕೆಮ್ಮಿದರು. ಅವಳು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ಗೋಡೆಯ ಗಡಿಯಾರ, ಕಿಟಕಿ, ತಮ್ಮ ಬೂಟು, ಎಲ್ಲವನ್ನೂ ನೋಡಿ ಮುಗಿಸಿದರು.

"ನನ್ನ ಕಣ್ಣು ಸರಿಯಿದೆ. ಆಟ ಓದೋ ತಲೆ ಸರಿಯಿದೆ. ಹೆಸರು ಮಾತ್ರ ತಡ ಆಗುತ್ತೆ. ಸೆಮಿಫೈನಲ್ ಕೊಡಿ. ಸರಿಹೋಗಲಿಲ್ಲ ಅಂದ್ರೆ ನಾನೇ ಮೈಕು ಇಟ್ಟು ಬರ್ತೀನಿ, ನೀವು ಹೇಳೋದೇ ಬೇಡ."

"ಒಂದು ಪಂದ್ಯ ಮೇಡಂ," ಎಂದರು ಅವರು. "ನೋಡೋಣ."

ಸೆಮಿಫೈನಲ್ ದಿನ ಮೊದಲ ಹತ್ತು ನಿಮಿಷ ಹಳೆಯ ಅರಳಕ್ಕನೇ. ಆಮೇಲೆ ಚೆಂಡು ಬಲಗಡೆಯ ಆಟಗಾರನಿಗೆ ಬಂತು, ಹೆಸರು ಹೋಯಿತು. ಆದರೆ ಈ ಸಲ ಅವಳು ಹೆಸರಿನ ಬೆನ್ನು ಹತ್ತಲಿಲ್ಲ. ಅದನ್ನು ಹೋಗಲು ಬಿಟ್ಟು, ಕಿಟಕಿಯಾಚೆ ನೋಡಿದಳು.

"ಚೆಂಡು ಈಗ ಕಾಲುಚೀಲ ಜಾರಿದವನ ಹತ್ತಿರ! ನೋಡಿ, ಯಾವಾಗಲೂ ಇವನದು ಒಂದು ಕಾಲುಚೀಲ ಪಾದಕ್ಕೆ ಬಂದು ಕೂತಿರುತ್ತೆ. ಅದನ್ನ ಎಳಕೊಳ್ಳೋಕೆ ಬಗ್ಗೋದೇ ಇಲ್ಲ ಇವನು. ಬಗ್ಗಿದ ಹಾಗೆ ಮಾಡ್ತಾನೆ, ತಡೆಯೋಕೆ ನಿಂತ ಬ್ಯಾಕ್ ಅದನ್ನ ನಂಬ್ತಾನೆ, ಅಷ್ಟರಲ್ಲಿ ದಾಟಿ ಹೋಗಿರ್ತಾನೆ! ದಾಟಿದ! ಕೊಟ್ಟ, ಯಾರಿಗೆ? ಮಳೆಗೆ ಸಿಕ್ಕವರ ಹಾಗೆ ಹೆಗಲು ಮುದುರಿಕೊಂಡು ಓಡೋನಿಗೆ..."

ಅವಳು ಉಸಿರು ಎಳೆದಳು. ಗೋಲಿಯವರು ಆ ಸಂದಿಯಲ್ಲಿ ಎರಡೂ ಹೆಸರುಗಳನ್ನು ಮೆತ್ತಗೆ ಇಟ್ಟರು. ಅವಳು ಮತ್ತೆ ಓಡಿಸಿದಳು. ಇಬ್ಬರಿಗೂ ಬೇಗನೆ ಹದ ಸಿಕ್ಕಿತು. ಇಷ್ಟು ವರ್ಷ ಹೆಸರು ಹೇಳಿದರೆ ಎಲ್ಲ ಹೇಳಿದಂತೆ ಅಂದುಕೊಂಡು ಓಡುತ್ತಿದ್ದವಳಿಗೆ, ತಾನು ಕಿಟಕಿಯಲ್ಲಿ ನಿಂತು ಕಣ್ಣಿಗೆ ತುಂಬಿಕೊಂಡಿದ್ದ ನಡಿಗೆ, ಹೆಗಲು, ಚಾಳಿ, ಹಠ ಒಂದನ್ನೂ ಕೇಳುವವರಿಗೆ ಕೊಟ್ಟಿರಲೇ ಇಲ್ಲವಲ್ಲ ಎಂದು ಹೊಳೆಯಿತು.

ಹಾಫ್‌ಟೈಮಿನಲ್ಲಿ ಜಾಹೀರಾತು ಹಾಕಬೇಕಿತ್ತು. ಅವಳು ಗಾಜಿನಾಚೆಯ ತಂತ್ರಜ್ಞನಿಗೆ ತಡೆ ಎಂದು ಕೈ ತೋರಿಸಿ, ಮೈಕು ಹತ್ತಿರಕ್ಕೆ ಎಳೆದುಕೊಂಡಳು.

"ಕೇಳುಗರೇ, ಒಂದು ವಿಷಯ ನಿಮಗೆ ಹೇಳಬೇಕು. ಈ ವರ್ಷ ನಾನು ಹೆಸರು ತಪ್ಪಿದ್ದೀನಿ. ಒಬ್ಬ ಅಜ್ಜಿಗೆ ಸುಮ್ಮನೆ ಸಿಹಿ ಹಂಚಿಸಿದ್ದೀನಿ, ಅವರು ಕ್ಷಮಿಸಬೇಕು. ನನಗೆ ಐವತ್ತು ದಾಟಿದೆ. ಮುಟ್ಟು ನಿಲ್ಲೋ ಕಾಲ. ಮೈಯಲ್ಲಿ ಹಾರ್ಮೋನು ಏರಿಳೀತಿದೆ, ಅದರ ಜೊತೆ ಮೆದುಳೂ ತಡವರಿಸ್ತಿದೆ. ಹುಚ್ಚಲ್ಲ, ಮುಪ್ಪಲ್ಲ, ನಾಚಿಕೆ ಪಡೋದಂತೂ ಅಲ್ಲವೇ ಅಲ್ಲ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಇವತ್ತು ಬೀರು ಮುಂದೆ ನಿಂತು ಯಾಕೆ ಬಂದೆ ಅಂತ ಯೋಚನೆ ಮಾಡ್ತಿರಬಹುದು. ಅವರನ್ನ ನೋಡಿ ನಗಬೇಡಿ. ಅವರೇ ನಕ್ಕರೆ, ಜೊತೆಗೆ ನಗಿ. ಇನ್ನು ನನಗೆ ಹೆಸರು ಸಿಗದಿದ್ದಾಗ ಗೋಲಿಯವರು ಹೇಳ್ತಾರೆ. ಕಂಡದ್ದನ್ನ ನಾನು ಹೇಳ್ತೀನಿ. ಆಟ ಮಾತ್ರ ತಪ್ಪಿಸಲ್ಲ."

ಗೋಲಿಯವರು ಗಂಟಲು ಸರಿಮಾಡಿಕೊಂಡು, ಪಕ್ಕಾ ಕಾಮೆಂಟರಿಯ ದನಿಯಲ್ಲಿ, "ಒಳ್ಳೆ ಪಾಸ್," ಎಂದರು. ಅದೂ ಪ್ರಸಾರವಾಯಿತು.

ಎರಡನೇ ಅರ್ಧ ಶುರುವಾಗುವ ಮೊದಲೇ ಕೇಂದ್ರದ ಫೋನುಗಳು ಬಡಿದುಕೊಳ್ಳತೊಡಗಿದವು. ಎಲ್ಲವೂ ಹೊಗಳಿಕೆಯಲ್ಲ. ಮಕ್ಕಳು ಕೇಳುವ ರೇಡಿಯೋದಲ್ಲಿ ಇದೆಲ್ಲ ಬೇಕಿತ್ತೇ ಎಂದು ಒಬ್ಬರು ರೇಗಿದರು. ಇನ್ನೊಬ್ಬ ಹೆಂಗಸು, ನಿವೃತ್ತ ಟ್ರ್ಯಾಮ್ ಚಾಲಕಿ, "ಅವರು ಹೇಳಿದ್ದು ನೂರಕ್ಕೆ ನೂರು ಸರಿ, ಆದರೆ ಹಾಫ್‌ಟೈಮ್ ಸ್ಕೋರ್ ಹೇಳೋದೇ ಮರೆತ್ರು, ಅದನ್ನ ಮೊದಲು ಹೇಳಿ" ಎಂದು ತಾಕೀತು ಮಾಡಿದಳು. ಕನ್ನಡಕದ ಅಂಗಡಿಯಲ್ಲಿ ರೇಡಿಯೋ ಕೇಳುತ್ತಿದ್ದ ಗಂಡ, ಎದುರಿಗೆ ಕೂತ ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಇಟ್ಟವನು ಹಾಗೇ ನಿಂತುಬಿಟ್ಟಿದ್ದ. "ಅವಳು ನನ್ನ ಹೆಂಡತಿ," ಎಂದು ಗಿರಾಕಿಗೆ ಹೇಳಿದ. ಎರಡು ಸಲ ಹೇಳಿದ.

ಮುಖ್ಯಸ್ಥರು ಮರುದಿನ ಕರೆದು ಒಂದೇ ಮಾತು ಹೇಳಿದರು: "ಫೈನಲ್ ನೀವೇ ಮೇಡಂ." ಹೊರಡುವಾಗ ಮತ್ತೆ ಕರೆದು, ತಗ್ಗಿದ ದನಿಯಲ್ಲಿ, "ಆ ಡಾಕ್ಟರ ವಿಳಾಸ ಸ್ವಲ್ಪ ಕೊಡ್ತೀರಾ? ನಮ್ಮ ಅಕ್ಕನಿಗೆ," ಎಂದರು.

ಕಾಲುಚೀಲದವನು ಕೂಡ ಒಂದು ದಿನ ಬಾಕ್ಸಿಗೆ ಬಂದ. ಮುನಿಸಿಕೊಂಡು ಬಂದನೇನೋ ಎಂದು ಅವಳು ಅಂದುಕೊಂಡಳು. "ಅಕ್ಕಾ, ನಾನು ಬಗ್ಗೋ ಹಾಗೆ ಮಾಡಿ ಮೋಸ ಮಾಡ್ತೀನಿ ಅಂತ ರೇಡಿಯೋದಲ್ಲಿ ಹೇಳಿಬಿಟ್ರಲ್ಲ, ಈಗ ಪ್ರಾಕ್ಟೀಸಲ್ಲೂ ಯಾರೂ ನಂಬ್ತಾನೇ ಇಲ್ಲ," ಎಂದು ಗೋಳಾಡಿದ. "ಹಾಗಾದ್ರೆ ನಿಜವಾಗಿ ಎಳಕೊಂಡುಬಿಡು. ಮುಂದಿನ ಪಂದ್ಯದಲ್ಲಿ ನಾನು ಹೇಳಲ್ಲ," ಎಂದಳು.

ಫೈನಲ್‌ಗೆ ಮುಂಚಿನ ರಾತ್ರಿ ನಿದ್ದೆ ಅವಳ ಕಡೆ ತಲೆಹಾಕಲಿಲ್ಲ. ಔಷಧಿ ಶುರುವಾಗಿತ್ತು, ಮೈ ಉರಿ ಎಷ್ಟೋ ತಗ್ಗಿತ್ತು, ಆದರೆ ಆ ದಿನದ ಆತಂಕ ಬೇರೆ. ಬೆಳಿಗ್ಗೆ ತಲೆ ಮಂಜು ಕವಿದ ಬೀದಿಯಂತಿತ್ತು. ಊರ ತಂಡವೇ ಫೈನಲ್‌ಗೆ ಬಂದಿತ್ತು, ಸ್ಟೇಡಿಯಂನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೊದಲ ಅರ್ಧದಲ್ಲೇ ಎಷ್ಟೋ ಹೆಸರು ತಪ್ಪಿಸಿಕೊಂಡವು. ಅವಳು ಕಂಡದ್ದನ್ನು ಹೇಳುತ್ತ ಹೋದಳು, ಗೋಲಿಯವರು ಹೆಸರು ಇಡುತ್ತ ಹೋದರು. ಆಟ ಸಮಸಮ. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿಗೆ ಬಂತು.

ಕೊನೆಯ ಹೊಡೆತ. ತಡೆದರೆ ಊರ ತಂಡಕ್ಕೆ ಕಪ್. ಗೋಲಿನಲ್ಲಿ ನಿಂತವನು ಆ ವರ್ಷವೇ ದೊಡ್ಡ ತಂಡಕ್ಕೆ ಬಂದ ಹುಡುಗ, ಗೋಲಿಯವರು ಸ್ವತಃ ಕಲಿಸಿ ಬೆಳೆಸಿದವನು. ಅರಳಕ್ಕ ಪಕ್ಕಕ್ಕೆ ನೋಡಿದಳು. ಗೋಲಿಯವರ ದೊಡ್ಡ ಕೈಗಳು ಮೇಜಿನಂಚನ್ನು ಹಿಡಿದಿದ್ದವು. ಅವರಿಂದ ಈಗ ಒಂದು ಅಕ್ಷರವೂ ಹೊರಡುವುದಿಲ್ಲವೆಂದು ಅವಳಿಗೆ ತಿಳಿಯಿತು. ಅವಳ ಬಾಯಲ್ಲೂ ಆ ಹುಡುಗನ ಹೆಸರಿರಲಿಲ್ಲ.

"ಹೊಡೆಯೋನು ಚೆಂಡು ಇಡ್ತಿದ್ದಾನೆ," ಎಂದಳು. "ನಮ್ಮ ಹುಡುಗ ಗೆರೆ ಮೇಲೆ ನಿಂತಿದ್ದಾನೆ. ಕೈಗವಸು ಬಿಗಿ ಮಾಡ್ಕೊಂಡ. ಎಡಕ್ಕೂ ನೋಡ್ತಿಲ್ಲ, ಬಲಕ್ಕೂ ನೋಡ್ತಿಲ್ಲ, ಚೆಂಡನ್ನ ಮಾತ್ರ ನೋಡ್ತಿದ್ದಾನೆ."

ಆಮೇಲೆ ಅವಳು ಸುಮ್ಮನಾದಳು. ಅವಳ ಜೀವಮಾನದಲ್ಲಿ ಮೈಕಿನ ಮುಂದೆ ಹಾಗೆ ಬೇಕೆಂದೇ ಸುಮ್ಮನಾದದ್ದು ಅದೇ ಮೊದಲು. ಊರ ರೇಡಿಯೋಗಳಲ್ಲಿ ಸಾವಿರಾರು ಜನ ಉಸಿರು ಹಿಡಿದ ಸದ್ದಷ್ಟೇ ಕೇಳಿತು. ನಂತರ ಒಂದು ಧಡ್ ಎಂಬ ಸದ್ದು.

"ಹಿಡಿದ! ಹಿಡಿದುಬಿಟ್ಟ! ಬಲಕ್ಕೆ ಹಾರಿ, ನೆಲ ಸವರಿಕೊಂಡು ಬಂದ ಚೆಂಡನ್ನ ಎದೆಗೆ ಒತ್ತಿಕೊಂಡು ಮಲಗಿಬಿಟ್ಟಿದ್ದಾನೆ ನಮ್ಮ ಹುಡುಗ! ಏಳ್ತಾ ಇಲ್ಲ! ಚೆಂಡು ಬಿಡ್ತಾ ಇಲ್ಲ! ಯಾರವನು? ನಾನು ಹೇಳಲ್ಲ, ನೀವೇ ಹೇಳಿ!"

ಹಾಗೆಂದವಳೇ ಎದ್ದು, ಕಿಟಕಿಯ ಗಾಜು ಸರಿಸಿ, ಮೈಕನ್ನು ತಂತಿ ಎಳೆದಷ್ಟು ದೂರ ಹೊರಕ್ಕೆ ಚಾಚಿದಳು. ಕೆಳಗೆ ಇಡೀ ಸ್ಟೇಡಿಯಂ ಎದ್ದು ನಿಂತು ಆ ಹುಡುಗನ ಹೆಸರನ್ನು ಕೂಗುತ್ತಿತ್ತು. ಒಂದೇ ಹೆಸರು, ಮತ್ತೆ ಮತ್ತೆ, ಅಲೆಯ ಮೇಲೆ ಅಲೆ. ಅದು ರೇಡಿಯೋದಲ್ಲಿ ಹೋಯಿತು. ಗ್ಯಾರೇಜು, ಬೇಕರಿ, ಟ್ಯಾಕ್ಸಿಗಳಲ್ಲಿ ಕೂತವರೂ ಜೊತೆಗೆ ಕೂಗಿದರು. ಗೋಲಿಯವರು ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಅಳುತ್ತಿದ್ದರು. ಅವಳು ಒಂದು ಕೈಯಲ್ಲಿ ಮೈಕು ಹಿಡಿದು, ಇನ್ನೊಂದನ್ನು ಅವರ ಬೆನ್ನ ಮೇಲಿಟ್ಟಳು.

ಆ ಪ್ರಸಾರವನ್ನು ಜನ ಬಹಳ ದಿನ ಮಾತಾಡಿಕೊಂಡರು. ಆ ಮೌನವನ್ನು, ಮೈಕು ಹೊರಗೆ ಚಾಚಿದ್ದನ್ನು ಅವಳು ಯೋಚಿಸಿ ಮಾಡಿದ್ದಳೋ, ಗತಿಯಿಲ್ಲದೆ ಮಾಡಿದ್ದಳೋ ಎಂಬ ಚರ್ಚೆಯೂ ನಡೆಯಿತು. ಕೇಳಿದವರಿಗೆ ಅವಳು ನಿಜವನ್ನೇ ಹೇಳುತ್ತಿದ್ದಳು: "ಹೆಸರು ಗೊತ್ತಿರಲಿಲ್ಲ. ಗೊತ್ತಿದ್ದೋರ ಮುಂದೆ ಮೈಕು ಹಿಡಿದೆ."

ಮುಂದಿನ ವರ್ಷದ ಹೊತ್ತಿಗೆ ಮಂಜು ನಿಧಾನಕ್ಕೆ ಕರಗಿತು. ಹೆಸರುಗಳು ಹಿಂತಿರುಗಿದವು, ಎಲ್ಲವೂ ಅಲ್ಲ, ಬಹುಪಾಲು. ಕೆಲವು ಈಗಲೂ ಪಾತ್ರೆ ತೊಳೆಯುವ ಹೊತ್ತಿಗೇ ಬರುತ್ತವೆ. ಆದರೂ ಅವಳು ಹಳೆಯ ಓಟಕ್ಕೆ ವಾಪಸಾಗಲಿಲ್ಲ. ನೋಡುವುದನ್ನು ಹೇಳುವ ರುಚಿ ಹತ್ತಿತ್ತು.

ಹೊಸ ಸೀಸನ್ನಿಗೆ ಕರಾರು ಮಾತಾಡುವಾಗ ಅವಳು ಮುಖ್ಯಸ್ಥರ ಮುಂದೆ ಒಂದೇ ಬೇಡಿಕೆ ಇಟ್ಟಳು. ಹೆಂಗಸರ ಲೀಗ್ ವರ್ಷಗಟ್ಟಲೆ ನಡೆಯುತ್ತಿದೆ, ಒಂದು ಪಂದ್ಯವನ್ನೂ ನಾವು ಪ್ರಸಾರ ಮಾಡಿಲ್ಲ, ಅದನ್ನೂ ನಾನು ಹೇಳಬೇಕು. ಮುಖ್ಯಸ್ಥರು ಕೇಳುವವರಿದ್ದಾರೆಯೇ ಎಂದು ಅನುಮಾನಿಸಿದರು. "ಹೇಳೋರಿಲ್ಲದೆ ಕೇಳೋರು ಎಲ್ಲಿಂದ ಬರ್ತಾರೆ ಸರ್?" ಎಂದಳು. ಅವರು ಒಪ್ಪಿದರು.

ಮೊದಲ ಪಂದ್ಯದ ದಿನ ಗಂಡ ಅಂಗಡಿಗೆ ಬೀಗ ಹಾಕಿ, ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಸ್ಟೇಡಿಯಂಗೆ ಬಂದ. ಅತ್ತೆ ಬದುಕಿನಲ್ಲಿ ಫುಟ್‌ಬಾಲ್ ಮೈದಾನ ನೋಡಿದವಳಲ್ಲ. ಬಿಸಿಲಿಗೆ ಕೊಡೆ ಬಿಚ್ಚಿ, ಹಿಂದಿನವರ ಗೊಣಗಾಟಕ್ಕೆ ಸೊಪ್ಪು ಹಾಕದೆ ಕೂತಳು. ಹುಡುಗಿಯರು ಓಡುತ್ತ ಒಳಗೆ ಬಂದರು. ಅರಳಕ್ಕ ಮೇಲೆ ಕಿಟಕಿಯಲ್ಲಿ ನಿಂತು, ಮೈ ಬಿಸಿ ಮಾಡಿಕೊಳ್ಳುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ಕಣ್ಣಿಗೆ ತುಂಬಿಕೊಳ್ಳುತ್ತಿದ್ದಳು.

"ಇದರಲ್ಲಿ ನಮ್ಮ ಕಡೆ ಯಾವುದು ಕಣೇ?" ಎಂದು ಅತ್ತೆ ಮೊಮ್ಮಗಳನ್ನು ಕೇಳಿದಳು.

"ಇನ್ನೂ ಗೊತ್ತಿಲ್ಲ ಅಜ್ಜಿ. ಅಮ್ಮ ಹೇಳ್ತಾಳೆ, ಕೇಳು," ಎಂದು ಮಗಳು ಪುಟ್ಟ ರೇಡಿಯೋವನ್ನು ಅಜ್ಜಿಯ ಕಿವಿಯ ಹತ್ತಿರ ಹಿಡಿದಳು.